ಅಮ್ಮ ಸಾರಿಸಿದ ಹಲಗೆ

ಮೊನ್ನೆ ಬಾಗಿಲಿಗೆ ವಾರ್ನಿಷ್ ಹೊಡೆಸುವಾಗ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಕೆಲಸದವನು ಏನೋ ಕೇಳುತ್ತಿದ್ದ. ಆಗಲೇ ನಾನು ಬಂಗಾರಪೇಟೆಯ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿದ್ದೆ... ಡ್ರಾಯಿಂಗ್ ಮೇಷ್ಟ್ರ ಮೈಯಿಂದ ಇದೇ ವಾಸನೆ ಬರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಹಿತ್ತಿಲ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಬೆಳಿಗ್ಗೆ ರೈಲು ಹತ್ತಿ ಚಿನ್ನದ ಗಣಿಯ ಊರಿಗಾಂಗೆ ಹೋಗಿ, ಅಲ್ಲಿಯ ಶಾಲೆಯಲ್ಲಿ ಗಣಿಯವರ ಮಕ್ಕಳಿಗೆ ಮಾವಿನಕಾಯಿ, ಹೂಜಿ ಬರೆಯಲು ಕಲಿಸುವರು. ಸಂಜೆ ಬಂದು ಹಲಗೆಗಳ ಮೇಲೆ ತಮ್ಮದೇ ಚಿತ್ರ ಬರೆಯುವರು. ಅದರಲ್ಲಿ ಮರವಿಲ್ಲ, ಮನುಷ್ಯನಿಲ್ಲ. ಹಲಗೆಯ ತುಂಬ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದಂಥ ಬೂದು ಬಣ್ಣ, ಎಲ್ಲೋ ಒಂದು ಕಡೆ ಕೆಂಪು. ಬೆಂಗಳೂರಿನ ಪ್ರದರ್ಶನವೊಂದಕ್ಕೆ ಒಮ್ಮೆ ಕಳಿಸಿದ್ದರು, ಹೋದ ಹಾಗೆಯೇ ವಾಪಸು ಬಂದವು. ಅವರ ಚಿತ್ರಗಳನ್ನು ಕೂತು ನೋಡುತ್ತಿದ್ದವಳು ನಮ್ಮಮ್ಮ ಒಬ್ಬಳೇ.

"ಏನ್ ಮೇಷ್ಟ್ರೇ, ಇವತ್ತೂ ಬರೀ ಬಣ್ಣಾನೇ? ಒಂದ್ ಎಮ್ಮೆನಾದ್ರೂ ಬರೀಬಾರ್ದಾ?"

"ಅಗೋ, ಅಲ್ಲಿ ಕಟ್ಟಾಕಿದ್ದೀಯಲ್ಲಮ್ಮ, ಇನ್ನೊಂದ್ಯಾಕೆ?"

ಅಮ್ಮ ನಗುತ್ತಾ ಅವರ ಹೊಸ್ತಿಲ ಮೇಲೆ ಕೂತುಬಿಡುವಳು. ಆಮೇಲೆ ಕತ್ತಲಾಗುವ ತನಕ ಇಬ್ಬರೂ ಹಲಗೆ ನೋಡುತ್ತಾ... ಒಳಗೆ ನಾನು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ, ಅವಳಿಗೆ ಕೇಳಲೆಂದೇ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಪುಕ್ಕಟೆ ಬಂದದ್ದಲ್ಲ. ಬೆಳಗಾಗುವ ಮುಂಚೆ ಮನೆಮನೆಗೆ ಹಾಲು ಹಾಕಿ, ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋಗಿ ಓದಿದ್ದು. ಪದವಿ ಪತ್ರ ತಂದ ದಿನ ಅಮ್ಮನ ಮುಂದೆ ಹಿಡಿದೆ. ಅವಳು ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡಳು.

"ಅಯ್ಯೋ, ನನ್ ಕೈಗ್ಯಾಕೆ ಕೊಡ್ತೀಯೇ? ಕೊಳೆ ಆತದೆ. ಎತ್ತಿಕ್ಕು."

ಕೈ ತೊಳೆದು ಬಂದ ಮೇಲೂ ಮುಟ್ಟಲಿಲ್ಲ. ಎಂದೂ ಮುಟ್ಟಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಅಮ್ಮ ಹಿತ್ತಿಲು ಸಾರಿಸುತ್ತಿದ್ದಳು. ಸಗಣಿ ನೀರಿನಲ್ಲಿ ಅಂಗೈಯನ್ನು ಅರ್ಧಚಂದ್ರದಂತೆ ಆಡಿಸುತ್ತಾ, ಒಂದರ ಪಕ್ಕಕ್ಕೆ ಒಂದು ಕೂರಿಸುತ್ತಾ, ಕುಕ್ಕರುಗಾಲಲ್ಲೇ ಹಿಂದೆ ಹಿಂದೆ ಸರಿಯುವಳು. ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು. ಒಳಗೆ ಹೋಗಿ, ಹಸಿ ಬಣ್ಣದ ಹಲಗೆಯೊಂದನ್ನು ತಂದು ಅವಳ ಮುಂದೆ ನೆಲಕ್ಕಿಟ್ಟರು.

"ಇಲ್ಲೂ ಇಂಗೇ ಸಾರ್ಸಮ್ಮ."

"ನಿಮ್ದೆಲ್ಲಾ ಕೆಟ್ಟೋತದೆ, ಮೇಷ್ಟ್ರೇ."

"ಕೆಡ್ಲಿ ಬಿಡು."

ಅಮ್ಮ ಸೆರಗು ಸಿಕ್ಕಿಸಿಕೊಂಡು, ಕೈಯನ್ನೂ ತೊಳೆಯದೆ, ಬಣ್ಣಕ್ಕೆ ಅಂಗೈ ಊರಿದಳು. ಪೂರ್ತಿ ಅಂಗೈ. ಅಂಚಿನಿಂದ ಅಂಚಿಗೆ ಸಾರಿಸಿದಳು. "ಲೇ, ಬಾರೇ ಇಲ್ಲಿ, ನೋಡೇ!" ಎಂದು ನನ್ನನ್ನು ಕೂಗಿದಳು. ಅಷ್ಟು ಖುಷಿಯ ದನಿಯನ್ನು ನನ್ನ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕೇಳಿರಲಿಲ್ಲ. ನಾನು ಹೋಗಲಿಲ್ಲ. ಹೊಟ್ಟೆ ಉರಿಯುವುದು ಎಂದರೆ ನಿಜಕ್ಕೂ ಹೊಟ್ಟೆಯೇ ಉರಿಯುತ್ತದೆ.

ಮೇಷ್ಟ್ರು ನಿವೃತ್ತರಾಗಿ, ಹಲಗೆಗಳನ್ನೆಲ್ಲ ಕಟ್ಟಿಕೊಂಡು ಆಂಡರ್ಸನ್‌ಪೇಟೆಯ ತಂಗಿಯ ಮನೆಗೆ ಹೋದರು. ತೊಂಬತ್ತರ ದಶಕದಲ್ಲಿ ಅಲ್ಲೇ ತೀರಿಕೊಂಡರು. ಆಮೇಲೆ ಅಮ್ಮನೂ ಹೋದಳು. ಅವಳದೆಂದು ನನ್ನ ಬಳಿ ಉಳಿದಿರುವುದು ಒಂದೇ ಫೋಟೊ. ಅದರಲ್ಲಿ ಕೈಗಳು ಸೆರಗಿನೊಳಗಿವೆ...

ವಾರ್ನಿಷ್ ಹೊಡೆಸಿದ ಮಾರನೆಯ ದಿನವೇ, ಅಮ್ಮ ಸಾರಿಸಿದ ಹಲಗೆ ಹುಡುಕಿಕೊಂಡು ಆಂಡರ್ಸನ್‌ಪೇಟೆಗೆ ಹೋದೆ. ಮೇಷ್ಟ್ರ ತಂಗಿಯ ಮಗಳ ಮನೆಯ ಗೋಡೆಯ ಮೇಲೆ ಆ ಹಲಗೆ ಇತ್ತು. ಬೂದು ಬಣ್ಣದಲ್ಲಿ ಅರ್ಧಚಂದ್ರಗಳು. ಕಿರುಬೆರಳು ಎಳೆದ ಗೆರೆ ಕೂಡ ಕಾಣುತ್ತಿತ್ತು. ಕೊಡುತ್ತೀಯಾ ಎಂದು ಕೇಳಿದೆ.

"ಆಗಲ್ಲಕ್ಕ. ನಮ್ ಮಾಮನ ಕೈ ಇದು. ದಿನಾ ಮುಟ್ಟಿ ಕಣ್ಗೊತ್ಕೊತೀನಿ."

"ಅದು ನಮ್ಮಮ್ಮನ ಕೈ ಕಣಮ್ಮ."

ಅವಳು ಜಗಳವಾಡಲಿಲ್ಲ, ಕೆಳಗಿನ ಮೂಲೆ ತೋರಿಸಿದಳು. ಮೇಷ್ಟ್ರ ರುಜು. ನಮ್ಮಮ್ಮನಿಗೆ ರುಜು ಹಾಕಲು ಬರುತ್ತಿರಲಿಲ್ಲ.

ಒಂದು ಸಲ ಮುಟ್ಟಲೇ ಎಂದು ಕೇಳಿ, ಮುಟ್ಟಿ ಬಂದೆ. ಒಣಗಿದ ಬಣ್ಣ, ತಣ್ಣಗಿತ್ತು. ಅಮ್ಮನಿಲ್ಲ, ಮೇಷ್ಟ್ರೂ ಇಲ್ಲ. ಮೇಷ್ಟ್ರ ಮೇಲಿನ ಹೊಟ್ಟೆಕಿಚ್ಚು ಮಾತ್ರ ನನಗಿನ್ನೂ ಹೋಗಿಲ್ಲ.