ಲೋಕನಾಥಣ್ಣನ ಮನೆಯ ಎಂಗೇಜ್ ಟೋನು

ಕಕ್ಕಿಂಜೆಯ ಲೈನ್‌ಮ್ಯಾನ್ ಲೋಕನಾಥಣ್ಣನಿಗೆ ಒಂದೇ ಮಂತ್ರ ಗೊತ್ತು. ಯಾರ ಮನೆಯ ಫೋನು ಸತ್ತರೂ ಗೋಡೆಯ ಹೊರಗಿನ ಪೆಟ್ಟಿಗೆ ತೆರೆದು, ಲೈನು ಪರೀಕ್ಷಿಸುವ ತನ್ನ ಫೋನು ಸಿಕ್ಕಿಸಿ ಕಿವಿಗಿಡುತ್ತಾನೆ. ಅಲ್ಲಿ ಗುಂಯ್ ಅಂದಿತೋ, "ಹೊರಗೆ ಸರಿ ಉಂಟು, ದೋಷ ಒಳಗೆ" ಎಂದು ತೀರ್ಪು ಕೊಟ್ಟು ಚಹಾಕ್ಕೆ ಕೂರುತ್ತಾನೆ. ಒಳಗಿನದ್ದೆಂದರೆ ಮನೆಯವರ ತಪ್ಪು, ಇವನದ್ದಲ್ಲ. ಪಕ್ಕದ ದಿನಸಿ ಅಂಗಡಿಯವನಾದ ನನಗೂ ಅದೇ ತೀರ್ಪು ಎಷ್ಟೋ ಸಲ ಸಿಕ್ಕಿದೆ.

ಅವನ ಮಗಳು ದೀಕ್ಷಿತಾಳನ್ನು ಮೂಡುಬಿದಿರೆಯವರು ನೋಡಿ ಹೋಗಿದ್ದರು. ಹುಡುಗ ತರುಣ್ ಇವಳಿಗೆ ಒಪ್ಪಿಗೆ, ಇವಳು ಅವನಿಗೆ ಒಪ್ಪಿಗೆ. ಉಳಿದದ್ದು ಅವನ ಅಜ್ಜಿಯ ಮಾತು. ಆ ಅಜ್ಜಿಗೊಂದು ಹಟ. ಶುಭ ಸುದ್ದಿ ಕಡಿದು ಕಡಿದು ಕೇಳಬಾರದು, ಆದ್ದರಿಂದ ಮೊಬೈಲಿನಲ್ಲಿ ಹೇಳುವುದಿಲ್ಲ, ತಂತಿಯ ಫೋನಿನಲ್ಲೇ ಹೇಳುವುದು. ನಮ್ಮೂರಿನ ನೆಟ್‌ವರ್ಕ್ ಕಂಡವರು ಅಜ್ಜಿಯನ್ನು ದೂರಲಾರರು.

ಆ ಭಾನುವಾರ ಫೋನು ಬರಬೇಕಿತ್ತು. ಬೆಳಗ್ಗೆ ನೋಡಿದರೆ ಡಯಲ್ ಟೋನೇ ಇಲ್ಲ. ದೀಕ್ಷಿತಾ ಅಳುವುದೊಂದು ಬಾಕಿ. ಲೋಕನಾಥಣ್ಣ ಪೆಟ್ಟಿಗೆಯ ಮುಚ್ಚಳವನ್ನೂ ತೆರೆಯದೆ, "ದೋಷ ಹೊರಗೆ" ಎಂದವನು ಏಣಿ ಹೊತ್ತು ರಸ್ತೆಯ ಕಂಬ ಹತ್ತಿದ. ಜೀವಮಾನವಿಡೀ "ಒಳಗೆ" ಅಂದ ಬಾಯಿ ಅದು. ಅಲ್ಲೇ ನನಗೆ ಸಂಶಯ ಬರಬೇಕಿತ್ತು.

ಹೊತ್ತು ಏರಿದ ಮೇಲೆ ನನ್ನ ಅಂಗಡಿಗೆ ತರುಣ್ ಫೋನು ಮಾಡಿದ. ಹೆಣ್ಣು ನೋಡಲು ಬಂದ ದಿನ ದಾರಿ ಕೇಳಿ ನನ್ನ ನಂಬರು ತೆಗೆದುಕೊಂಡಿದ್ದ.

"ಶುಕೂರಣ್ಣ, ಅಜ್ಜಿ ಆಗಿನಿಂದ ಮಾಡ್ತಾ ಇದ್ದಾರೆ, ಎಂಗೇಜ್ ಬರ್ತದೆ. ಅವರಿಗೆ ಸಂಬಂಧ ಬೇಡವಾ?"

ಎಂಗೇಜ್ ಅಂದರೆ ಮನೆಯಲ್ಲೆಲ್ಲೋ ರಿಸೀವರ್ ಎತ್ತಿಟ್ಟಿದೆ ಎಂದು ಊರಿಗೆಲ್ಲ ಕಲಿಸಿದವನೇ ಲೋಕನಾಥಣ್ಣ. ನಾನು ಓಡಿದೆ. ಅವನ ಹೆಂಡತಿ ನೀಲಾವತಿ ಹುಡುಕಿದಾಗ, ಮಲಗುವ ಕೋಣೆಯ ಎರಡನೆಯ ಫೋನಿನ ರಿಸೀವರ್ ಅವನ ದಿಂಬಿನಡಿ ಬೆಚ್ಚಗೆ ಮಲಗಿತ್ತು.

ಅವನನ್ನು ಕಂಬದಿಂದ ಇಳಿಸಿ ಕರೆತಂದೆವು.

"ನೀವೇ ಇಟ್ಟದ್ದಾ?" ನೀಲಾವತಿ ಕೇಳಿದಳು.

"ಅಜ್ಜಿ ಹೂಂ ಅಂದರೆ ಇವಳು ಹೋಗ್ತಾಳಲ್ಲ," ಎಂದ, ಕೈಯ ಇಕ್ಕಳ ನೋಡುತ್ತ.

"ಮೂಡುಬಿದಿರೆಗೆ ದಿನಾ ಬಸ್ಸುಂಟು ಮಾರಾಯ್ರೆ," ಎಂದಳು ನೀಲಾವತಿ.

ನನಗೆ ನಗು ಬಂತು, ಅರ್ಧಕ್ಕೇ ನಿಂತಿತು. ನನ್ನ ಮಗಳು ಸಬೀಹಾಳಿಗೂ ಗಂಡು ನೋಡುತ್ತಿದ್ದೇವೆ.

ದೀಕ್ಷಿತಾ ಒಳಗೆ ಹೋಗಿ ರಿಸೀವರ್ ಅದರ ಜಾಗದಲ್ಲಿಟ್ಟು ಬಂದು ಅಪ್ಪನ ಪಕ್ಕ ನಿಂತಳು. ಸ್ವಲ್ಪ ಹೊತ್ತಿಗೆ ಜಗಲಿಯ ಫೋನು ಹೊಡೆದುಕೊಂಡಿತು. ಎಲ್ಲರೂ ಲೋಕನಾಥಣ್ಣನ ಮುಖ ನೋಡಿದೆವು. ಅವನೇ ಎತ್ತಿದ.

"ಹಲೋ ಅಜ್ಜಿ. ದೋಷ ಒಳಗೇ ಇತ್ತು. ಈಗ ಸರಿ ಆಯ್ತು. ಹೇಳಿ."