ಅಕ್ಕನ ಬೆನ್ನು, ನನ್ನ ಹಳದಿ ಕಾರು

ನನ್ನ ಅಕ್ಕನನ್ನು ಹೇಗಿದ್ದೀಯ ಎಂದು ಕೇಳುವುದೂ ಒಂದೇ, ಗೋಡೆಯನ್ನು ಕೇಳುವುದೂ ಒಂದೇ. ಯಾವಾಗ ಕೇಳಿದರೂ "ಆರಾಮ್ ಅದೀನಿ" ಅನ್ನುತ್ತಾಳೆ. ಜ್ವರದಲ್ಲೂ ಅದೇ ಉತ್ತರ, ಹೆರಿಗೆ ನೋವಿನಲ್ಲೂ ಅದೇ ಉತ್ತರ. ಹೋದ ವರ್ಷ ಸುರಪುರದ ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಬಿರುಕು ಬಿಟ್ಟಾಗ, ಯಾದಗಿರಿಯ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ನನ್ನನ್ನು ನೋಡಿ "ನೀ ಉಂಡಿಯೇನ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಅವಳ ಮೇಲೆ.

ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪನಿಗೆ ನಾರಾಯಣಪುರದ ಅಣೆಕಟ್ಟಿನಲ್ಲಿ ಕೆಲಸ, ನಮಗೆ ಅಲ್ಲಿಯ ಕ್ವಾರ್ಟರ್ಸಿನಲ್ಲಿ ಮನೆ. ಅಕ್ಕ ಶಾಲೆ ಬಿಟ್ಟು ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದಳು. ನಾನು ಗುಂಡುಗುಂಡಗೆ ಇದ್ದೆನಂತೆ. ಸೊಂಟ ನೋಯುತ್ತಿರಲಿಲ್ಲವೇ ಎಂದರೆ ಅದಕ್ಕೂ ಆರಾಮ್. ಮಳೆಗಾಲದಲ್ಲಿ ಗೇಟು ತೆಗೆದಾಗ ಕೃಷ್ಣೆಯ ನೀರು ನೋಡಲು ಅವಳು ನನ್ನನ್ನು ಎತ್ತಿ ಹಿಡಿಯುತ್ತಿದ್ದಳು. ದೊಡ್ಡವರಾದ ಮೇಲೂ ಪ್ರತಿ ಮಳೆಗಾಲ ಒಂದು ಸಲ ಇಬ್ಬರೂ ಹೋಗಿ ಆ ನೀರು ನೋಡಿ ಬರುವುದು ನಮ್ಮ ರೂಢಿ. ಅವಳು ಬಿದ್ದ ವರ್ಷ ಅದು ತಪ್ಪಿತು. ಮೂಳೆ ಕೂಡಿಕೊಂಡಿದೆ, ಆದರೆ ಬೆನ್ನಿಗೆ ಕುಲುಕು ತಾಗಬಾರದು ಎಂದರು ಡಾಕ್ಟರು. ಈ ವರ್ಷ ಅವಳು ನನ್ನ ಪಕ್ಕದಲ್ಲಿ ಕೂತು, ನೋವಿಲ್ಲದೆ, ನಾರಾಯಣಪುರದವರೆಗೆ ಬರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಆದರೆ ನನ್ನ ಬಳಿ ಇದ್ದದ್ದು ಸ್ಪೋರ್ಟ್ಸ್ ಕಾರು. ಶಹಾಪುರದಲ್ಲಿ ಔಷಧ ಅಂಗಡಿ ಇಟ್ಟುಕೊಂಡ, ಮದುವೆಯಾಗದ, ಐವತ್ತು ದಾಟಿದ ಹೆಂಗಸು ಹೈದರಾಬಾದಿನಿಂದ ಎರಡೇ ಸೀಟಿನ, ಹಳದಿ ಬಣ್ಣದ, ಸೆಕೆಂಡ್ ಹ್ಯಾಂಡ್ ಕಾರು ತಂದರೆ ಊರು ಸುಮ್ಮನಿರುತ್ತದೆಯೇ. "ಅಕ್ಕಾವ್ರು ಕಡೀಗೂ ಅರಿಶಿಣ ಹಚ್ಕೊಂಡ್ರು" ಎಂದು ಎದುರಿನ ಕಿರಾಣಿ ಅಂಗಡಿಯವರು ನಕ್ಕರು. ನಾನೂ ನಕ್ಕೆ. ಸ್ಟೇರಿಂಗ್ ಹಿಡಿದರೆ ನನಗೆ ವಯಸ್ಸು ನೆನಪಿರುವುದಿಲ್ಲ. ಸುರಪುರದ ಗುಡ್ಡದ ತಿರುವುಗಳಲ್ಲಿ ಆ ಕಾರು ಒಂದಿಷ್ಟೂ ವಾಲದೆ ನೆಲಕ್ಕೆ ಅಂಟಿಕೊಂಡು ಹೊರಳುತ್ತಿತ್ತು. ಅಕ್ಕ ಮೊದಲ ಸಲ ಒಳಗೆ ಇಳಿದು ಕೂತಾಗ, "ಚಾಪಿ ಮ್ಯಾಲ ಕುಂತಂಗ ಆಗ್ತದ" ಎಂದಿದ್ದಳು.

ಬೇಸಿಗೆಯಲ್ಲಿ ಕಾರು ಕುಣಿಯತೊಡಗಿತು. ಸಣ್ಣ ಉಬ್ಬು ದಾಟಿದರೂ ಮೂತಿ ಮೇಲೆದ್ದು ಕೆಳಗಿಳಿದು, ಮತ್ತೆ ಮೇಲೆದ್ದು, ಕೊನೆಗೆ ತಳ ಬಡಿದು ನಿಲ್ಲುತ್ತಿತ್ತು. ಶಹಾಪುರದಲ್ಲಿ ನನಗೆ ಗೊತ್ತಿದ್ದ ಮೆಕ್ಯಾನಿಕ್ ಕಾರಿನಡಿ ನುಸುಳಿ ನೋಡಿ ಕೈ ಒರೆಸಿಕೊಳ್ಳುತ್ತ ಎದ್ದ.

"ಶಾಕ್ ಅಬ್ಸಾರ್ಬರ್ ನಾಕೂ ಹೋಗ್ಯಾವ್ರಿ. ಎಣ್ಣಿ ಎಲ್ಲಾ ಸೋರಿ ಬಿಟ್ಟದ."

ಯಾವುದನ್ನು ಹಾಕಿಸುವುದು? ಕಂಪನಿಯ ಮೂಲ ಮಾಲು ಬರಲು ತಿಂಗಳುಗಟ್ಟಲೆ ಕಾಯಬೇಕು, ಅದೂ ಓಡಿಸುವವರ ಖುಷಿಗೆಂದು ಬಿಗಿಯಾಗಿ ಮಾಡಿದ್ದು. ಗ್ಯಾಸ್ ತುಂಬಿದ ಹೆವಿ ಡ್ಯೂಟಿಯವು ವಾರದಲ್ಲಿ ಬರುತ್ತವೆ. ಮೂರನೆಯದು, ತಿರುಪು ಇರುವಂಥದ್ದು, ಮೆತ್ತಗೆ ಬೇಕೆಂದರೆ ಮೆತ್ತಗೆ, ಗಟ್ಟಿ ಬೇಕೆಂದರೆ ಗಟ್ಟಿ. ಅದನ್ನು ರೇಸಿನವರು ಕೊಳ್ಳುತ್ತಾರೆ ಎಂದು ಅವನು ಕೈಬೀಸಿ ತಳ್ಳಿಹಾಕಿದ.

"ನಮ್ಮ ರೋಡಿಗಿ ಹೆವೀನೇ ಹಾಕ್ಸ್ರಿ ಮೇಡಂ. ಮಜಬೂತ ಇರ್ತಾವ. ವರ್ಷಾನುಗಟ್ಲೆ ನೋಡೋದು ಬ್ಯಾಡ."

ನಾನೂ ತಲೆಯಾಡಿಸಿದೆ. ನಮ್ಮ ಕಡೆ ಹೆವಿ ಎಂದರೆ ಹೊಗಳಿಕೆ. ಸೀರೆ ಹೆವಿ ಇರಬೇಕು, ಬಾಗಿಲು ಹೆವಿ ಇರಬೇಕು, ಹಗ್ಗವಂತೂ ಹೆವಿಯೇ ಇರಬೇಕು. ಕಾರು ಕೊಳ್ಳುವವನೂ ಹಿಂದಿನ ಸೀಟು ಮಡಚಿದರೆ ಹತ್ತಿ ಎಷ್ಟು ಹಿಡಿಸುತ್ತದೆ, ಭತ್ತದ ಚೀಲ ಎಷ್ಟು ಹಿಡಿಸುತ್ತದೆ ಎಂದು ಮೊದಲು ನೋಡುತ್ತಾನೆ. ಆ ಮೆಕ್ಯಾನಿಕ್ ಜೀವಮಾನವಿಡೀ ಅಂಥ ಗಾಡಿಗಳನ್ನೇ ರಿಪೇರಿ ಮಾಡಿದವನು. ಭತ್ತದ ಚೀಲಕ್ಕೆ ಬೆನ್ನು ನೋಯುವುದಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹಾಕಿಸಿದ ಭಾನುವಾರವೇ ಸುರಪುರಕ್ಕೆ ಹೋಗಿ ಅಕ್ಕನನ್ನು ಕೂರಿಸಿಕೊಂಡು ಶಹಾಪುರಕ್ಕೆ ಬಂದೆ. ಕುಣಿತ ನಿಂತಿತ್ತು. ಕಾರು ಕಲ್ಲುಬಂಡೆಯ ಹಾಗೆ ಗಟ್ಟಿಯಾಗಿತ್ತು, ನನಗೆ ಅದೇ ಹೆಮ್ಮೆ.

"ಹೆಂಗ ಅದ?" ಎಂದೆ.

"ಆರಾಮ್ ಅದ. ಮದ್ಲಿಗಿಂತ ಭಾಳ ಚೊಲೋ ಆಗ್ಯಾದ."

ಮುಂದಿನ ಭಾನುವಾರವೂ ಹಾಗೇ ಕರೆತಂದೆ. ಅದರ ಮುಂದಿನ ವಾರ ಅವಳೇ ಫೋನು ಮಾಡಿದಳು. "ನೀ ಬರಬ್ಯಾಡ. ನಾನೇ ಬಸ್ಸಿಗಿ ಬರ್ತೀನಿ. ಸುಮ್ಮ ನಿನಗ್ಯಾಕ ತ್ರಾಸ." ಆಮೇಲೆ ಪ್ರತಿ ವಾರವೂ ಬಸ್ಸೇ. ಒಮ್ಮೆ ಸೊಸೆ ಬಸ್ ನಿಲ್ದಾಣದ ಕಡೆಗೇ ಹೊರಟಿದ್ದಳಂತೆ, ಒಮ್ಮೆ ಬಸ್ಸು ಮನೆ ಮುಂದೆಯೇ ಸಿಕ್ಕಿತಂತೆ. ನಾನು ನಂಬಿದೆ, ನಂಬದೆ ಏನು ಮಾಡಲಿ.

ಒಂದು ಭಾನುವಾರ ಅವಳನ್ನು ಕರೆದೊಯ್ಯಲು ಶಹಾಪುರದ ಬಸ್ ನಿಲ್ದಾಣಕ್ಕೆ ಹೋಗಿ ನಿಂತಿದ್ದೆ. ಬಸ್ಸು ತಿರುಗಿ ಒಳಗೆ ಬರುತ್ತಿತ್ತು. ಮುಂದಿನ ಕಿಟಕಿಯಲ್ಲಿ ಅಕ್ಕ ಕಂಡಳು. ತೊಡೆಯ ಮೇಲೆ ಎಲೆಸಂಚಿ ಬಿಚ್ಚಿಟ್ಟುಕೊಂಡು, ಎಡ ಅಂಗೈಯಲ್ಲಿ ಎಲೆ ಹರವಿ, ಬಲಗೈ ಬೆರಳ ತುದಿಯಿಂದ ಸುಣ್ಣ ಸವರುತ್ತಿದ್ದಳು. ಮಡಚಿ ಬಾಯಿಗಿಟ್ಟುಕೊಂಡಳು. ಇಳಿದಾಗ ತುಟಿ ಕೆಂಪಗಿತ್ತು.

ಎಲೆ ಅಡಿಕೆ ಇಲ್ಲದೆ ನನ್ನ ಅಕ್ಕ ಅರ್ಧ ಗಂಟೆ ಇರುವವಳಲ್ಲ. ಆದರೆ ನನ್ನ ಕಾರಿನಿಂದ ಅವಳು ಆ ಎರಡೂ ಭಾನುವಾರ ಒಣಗಿದ ತುಟಿಯಲ್ಲೇ ಇಳಿದಿದ್ದಳು. ಎಲೆ ಕಟ್ಟಲು ಎರಡೂ ಕೈ ಬೇಕು, ಅವು ಅಲುಗಾಡಬಾರದು, ಸುಣ್ಣ ಒಂದಿಷ್ಟು ಹೆಚ್ಚಾದರೂ ನಾಲಿಗೆ ಸುಡುತ್ತದೆ. ನನ್ನ ಕಾರಿನಲ್ಲಿ ಅವಳ ಒಂದು ಕೈ ಬಾಗಿಲ ಹಿಡಿಕೆ ಹಿಡಿದಿರುತ್ತಿತ್ತು, ಇನ್ನೊಂದು ಸೀಟಿಗೆ ಊರಿ ಬೆನ್ನಿನ ಭಾರ ಹೊತ್ತಿರುತ್ತಿತ್ತು. ನಾನು ಅದನ್ನು ನೋಡಿದ್ದೆ. ನೋಡಿ, ಕಾರು ವೇಗವಾಗಿ ಹೋಗುವುದಕ್ಕೆ ಹೆದರುತ್ತಾಳೆ ಎಂದುಕೊಂಡಿದ್ದೆ.

"ನನ್ನ ಗಾಡ್ಯಾಗ ಬೆನ್ನು ನೋಯ್ತದಲ್ಲ ನಿನಗ?"

"ಇಲ್ಲಬೇ. ಆರಾಮ್ ಅದ."

"ಮತ್ತ ಅಲ್ಲಿ ಒಂದು ದಿನಾನೂ ಎಲಿ ಯಾಕ ಹಾಕ್ಕೊಳ್ಳಿಲ್ಲ?"

ಬಸ್ ನಿಲ್ದಾಣದಲ್ಲೇ ಜಗಳ ತೆಗೆದೆ. ಜನ ತಿರುಗಿ ನೋಡಿದರು. ಅವಳು ಸೆರಗಿನಿಂದ ತುಟಿ ಒರೆಸಿಕೊಂಡು, ತಪ್ಪು ತನ್ನದೇ ಎನ್ನುವ ಹಾಗೆ ನಕ್ಕಳು. "ಹೊಸಾವು ಹಾಕ್ಸಿದಿ ಅಂತ ಎಷ್ಟು ಖುಷಿ ಇದ್ದಿ ನೀ. ಹೆಂಗ ಹೇಳ್ಲಿ?" ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವಳ ಚೀಲ ಇಸಿದುಕೊಂಡೆ. ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಮನೆಯವರೆಗೆ ನಡೆದೇ ಹೋದೆವು.

ಅಂದಿನಿಂದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಓದತೊಡಗಿದೆ. ಉಬ್ಬನ್ನು ನುಂಗುವುದು ಸ್ಪ್ರಿಂಗು. ನುಂಗಿದ ಮೇಲೆ ಅದು ಕುಣಿಯದ ಹಾಗೆ ಹಿಡಿಯುವುದು ಶಾಕ್ ಅಬ್ಸಾರ್ಬರ್. ಹಿಡಿತ ಸಡಿಲಾದರೆ ಕಾರು ಕುಣಿಯುತ್ತದೆ, ಅತಿಯಾದರೆ ಸ್ಪ್ರಿಂಗಿಗೆ ನುಂಗುವುದಕ್ಕೇ ಬಿಡುವುದಿಲ್ಲ, ಕೂತವರಿಗೇ ನೇರ ಹೊಡೆತ. ನಾವು ಇಬ್ಬರು ಬಡಕಲು ಹೆಂಗಸರು ಲಾರಿಗೆ ಒಪ್ಪುವ ಬಿಗಿತದ ಮೇಲೆ ಕೂತಿದ್ದೆವು. ಇಷ್ಟು ತಿಳಿದುಕೊಳ್ಳಲು ಒಂದು ಸಂಜೆ ಸಾಕಾಯಿತು, ಆ ಸಂಜೆಯನ್ನು ನಾನು ಮೊದಲೇ ಕಳೆಯಬೇಕಿತ್ತು.

ತಿರುಪು ಇರುವವನ್ನೇ ಹೈದರಾಬಾದಿನಿಂದ ತರಿಸಿದೆ. ರೇಸಿಗಾ ಎಂದು ಅಂಗಡಿಯವನು ಫೋನಿನಲ್ಲಿ ಕೇಳಿದ. ಅಕ್ಕನಿಗೆ ಎಂದೆ. ಅವನು ವಿಳಾಸ ಬರೆದುಕೊಂಡ. ನಮ್ಮ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳದೆ ಹಳೆಯವನ್ನು ಬಿಚ್ಚಿ ಇವನ್ನು ಕೂರಿಸಿದ. ತಿರುಪನ್ನು ನಡುವೆ ನಿಲ್ಲಿಸಿದ್ದ. ನಾನು ಪೂರ್ತಿ ಮೆತ್ತಗಿನ ಕಡೆಗೆ ತಿರುಗಿಸಿ, ಮೂತಿ ಮತ್ತೆ ಕುಣಿಯಲು ಶುರುಮಾಡಿದ್ದನ್ನು ನೋಡಿ, ಒಂದು ಚೂರು ಹಿಂದಕ್ಕೆ ತಂದೆ. ಗುಡ್ಡದ ತಿರುವಿನಲ್ಲಿ ಒಬ್ಬಳೇ ಓಡಿಸಿ ನೋಡಿದೆ. ಕಾರು ವಾಲಿತು. ಆ ಅಂಟಿಕೊಂಡು ಹೊರಳುವ ಸುಖ ಹೋಗಿತ್ತು. ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದ ಮೇಲೂ ತಿರುಪು ಮುಟ್ಟಲಿಲ್ಲ.

ಶ್ರಾವಣದಲ್ಲಿ ಗೇಟು ತೆಗೆದ ಸುದ್ದಿ ಬಂತು. ಸುರಪುರಕ್ಕೆ ಹೋಗಿ ಅಕ್ಕನನ್ನು ಕೂರಿಸಿಕೊಂಡು ನಾರಾಯಣಪುರದ ದಾರಿ ಹಿಡಿದೆ. ಎರಡೂ ಕಡೆ ಕಾಲುವೆ ನೀರಿನ ಗದ್ದೆ, ಆಗತಾನೇ ನೆಟ್ಟ ಭತ್ತ. ಹೇಗಿದೆ ಎಂದು ಕೇಳಬಾರದೆಂದು ನಾಲಿಗೆ ಕಚ್ಚಿಕೊಂಡಿದ್ದೆ. ರಸ್ತೆ ನೋಡುವುದಕ್ಕಿಂತ ಹೆಚ್ಚು ಅವಳ ಕೈ ನೋಡುತ್ತಿದ್ದೆ. ಬಲಗೈ ಸೀಟಿನ ಮೇಲಿತ್ತು, ಎಡಗೈ ಹಿಡಿಕೆಯ ಮೇಲಿತ್ತು. ಬಹಳ ದೂರ ಹಾಗೇ ಇದ್ದವು. ನನ್ನ ಜೀವ ಕುಗ್ಗಿಹೋಯಿತು.

ಹುಣಸಗಿ ದಾಟಿದ ಮೇಲೆ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

ನಾನು ತಿರುಗಿ ನೋಡಲಿಲ್ಲ, ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು. ಅಡಕತ್ತರಿಯ ಶಬ್ದ ಬಂತು. ಸ್ವಲ್ಪ ಹೊತ್ತಿಗೆ ಮಡಚಿದ ಎಲೆಯೊಂದು ನನ್ನ ತುಟಿಗೆ ತಾಗಿತು. "ಬಾಯಿ ತೆರಿ," ಎಂದಳು. ತೆರೆದೆ. ಸುಣ್ಣ ಹದವಾಗಿತ್ತು. ನಾನು ಚಿಕ್ಕವಳಿದ್ದಾಗ ಅವಳು ತುತ್ತು ಕೊಡುತ್ತಿದ್ದುದೂ ಹೀಗೇ, ನಾನು ಬೇಡ ಅನ್ನುವುದಕ್ಕೆ ಮೊದಲೇ.

ಆ ಖುಷಿಯಲ್ಲಿ ಆಕ್ಸಿಲರೇಟರ್ ಒತ್ತಿದ್ದು ಹೆಚ್ಚಾಯಿತು. ಮುಂದೆ ಒಂದು ಹಳ್ಳಿಯ ಬಾಗಿಲಲ್ಲಿ ಬಣ್ಣ ಬಳಿಯದ ರಸ್ತೆ ಉಬ್ಬು ಇತ್ತು, ಕಂಡಾಗ ತಡವಾಗಿತ್ತು. ಕಾರು ಎದ್ದು ಕೂತಿತು. ಮೊದಲಿನಷ್ಟು ಜೋರಾಗಿ ಬಡಿಯಲಿಲ್ಲ, ಆದರೂ ತಾಗಿತು. ಅಕ್ಕ ನನ್ನ ತೋಳಿಗೆ ಒಂದು ಏಟು ಕೊಟ್ಟಳು.

"ಏ, ಸಾವಕಾಶ ಹೋಗ. ನೋಯ್ತದ ನನಗ."

ನನ್ನನ್ನು ಹೊತ್ತು ತಿರುಗಿದವಳು, ನನಗೆ ಬುದ್ಧಿ ಬಂದಾಗಿನಿಂದ ನನ್ನ ಮುಂದೆ ಒಮ್ಮೆಯೂ ಆಡದ ಮಾತು ಅದು. ಕಣ್ಣು ತುಂಬಿ ಎದುರಿನ ರಸ್ತೆ ಕದಡಿತು. ಬಾಯಿ ತುಂಬ ಇದ್ದ ಎಲೆಯನ್ನು ಅಗಿಯುತ್ತ ಗೇರು ಇಳಿಸಿದೆ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು, ಕೊನೆಗೆ ಬೇಸತ್ತು ನಮ್ಮನ್ನು ದಾಟಿಕೊಂಡು ಮುಂದೆ ಹೋದ.