ಎರಡು ತೊಟ್ಟು ಹಾಲು

ನನ್ನ ಮಗಳ ಬಾಣಂತನ ಮಾಡಿದವನು ನಾನು. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಹೆಂಡತಿ ಇಲ್ಲ ಎನ್ನುವುದು ನೆನಪಾಗಿ ಸುಮ್ಮನಾಗುತ್ತಾರೆ. ಅವಳು ಹೋಗಿ ಆಗ ನಾಲ್ಕು ವರ್ಷವಾಗಿತ್ತು. ಅಳಿಯನ ತಾಯಿಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಕೆಲಸ ನನ್ನ ಪಾಲಿಗೆ ಬಂತು. ಮಗಳು ಜೆ.ಪಿ. ನಗರದ ಫ್ಲ್ಯಾಟಿನಿಂದ ಹದಿನೈದು ದಿನದ ಹೆಣ್ಣುಕೂಸನ್ನು ಎತ್ತಿಕೊಂಡು ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಗೆ ಬಂದಳು.

ನಾನು ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಹಾಳೆ ಬದಲಿಸಿ ಮತ್ತೆ ಎಳೆಯುವ ಜಾತಿ. ಬಾಣಂತನವನ್ನೂ ಹಾಗೆಯೇ ಮಾಡಿ ತೋರಿಸುತ್ತೇನೆ ಎಂಬ ಜಂಬ ನನಗಿತ್ತು. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಎಲ್ಲ ಕಲಿತೆ. ಎಣ್ಣೆ ಹಚ್ಚಿ ನೀರು ಹಾಕಲು ಒಬ್ಬ ಹೆಂಗಸು ಬಂದು ಹೋಗುತ್ತಿದ್ದಳು, ಮಿಕ್ಕಿದ್ದೆಲ್ಲ ನನ್ನದೇ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ದಿನಕ್ಕೆರಡು ಸಲ ತಪಾಸಣೆ ನಡೆಸುತ್ತಿದ್ದರು. "ಬಾಣಂತಿಗೆ ಫ್ಯಾನ್ ಹಾಕಿಲ್ಲ ತಾನೇ?" ಎಂದು ಕೇಳುವರು. ಹಾಕಿರುತ್ತಿದ್ದೆ. ಇಲ್ಲಜ್ಜಿ ಎನ್ನುತ್ತಿದ್ದೆ.

ಮಗಳಿಗೆ ಹಾಲು ಸಾಲುತ್ತಿರಲಿಲ್ಲ. ಮಗುವಿನ ತೂಕ ಏರಲಿಲ್ಲವೆಂದು ಡಾಕ್ಟರು ಎದೆಹಾಲಿನ ಜೊತೆಗೆ ಡಬ್ಬದ ಹಾಲಿನ ಪುಡಿಯನ್ನೂ ಕಲಸಿ ಕೊಡಲು ಹೇಳಿದರು. ಡಬ್ಬ ಶುರುವಾದ ವಾರದಲ್ಲೇ ಮಗುವಿನ ಹೊಟ್ಟೆ ತಮಟೆಯಂತೆ ಬಿಗಿಯಾಯಿತು. ಕುಡಿದದ್ದೆಲ್ಲ ಕಕ್ಕುವುದು, ಬೆನ್ನು ಹಿಂದಕ್ಕೆ ಬಾಗಿಸಿ ಕಿರುಚುವುದು, ಡೈಪರಿನಲ್ಲಿ ಹಸಿರು ನೊರೆ. ಅಜ್ಜಿ ದೃಷ್ಟಿ ಎಂದರು, ನಾನು ಗ್ಯಾಸ್ ಎಂದೆ. ಒಂದು ಬೆಳಿಗ್ಗೆ ಆ ನೊರೆಯಲ್ಲಿ ರಕ್ತದ ಎಳೆ ಕಂಡಿತು. ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರು ಗಾಬರಿಯಾಗಲಿಲ್ಲ. "ಹಸುವಿನ ಹಾಲಿನ ಪ್ರೋಟೀನ್ ಮಗುಗೆ ಒಗ್ತಾ ಇಲ್ಲ ಅನ್ಸುತ್ತೆ. ಹೆದರ್ಕೋಬೇಡಿ, ಬೆಳೀತಾ ಬೆಳೀತಾ ಸರಿಹೋಗುತ್ತೆ," ಎಂದರು. ಆ ಪ್ರೋಟೀನನ್ನು ಮೊದಲೇ ಒಡೆದು ಚೂರು ಮಾಡಿದ ಬೇರೆ ಪುಡಿ ಬರೆದುಕೊಟ್ಟರು. ಅದರ ವಾಸನೆಯೋ, ಬೇಯಿಸಿದ ಆಲೂಗಡ್ಡೆ ಎರಡು ದಿನ ಇಟ್ಟ ಹಾಗೆ. ಮಗಳೂ ಹಾಲು, ಮೊಸರು, ತುಪ್ಪ ಬಿಡಬೇಕು, ತಿಂದರೆ ಎದೆಹಾಲಿಗೆ ಇಳಿಯುತ್ತದೆ ಎಂದರು. ತುಪ್ಪವಿಲ್ಲದ ಬಾಣಂತನ ಕೇಳಿ ಅಜ್ಜಿ, "ಆ ಹುಡುಗಿ ಸೊಂಟ ಏನಾಗ್ಬೇಕಪ್ಪಾ?" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಆದರೆ ಮಗು ಸುಧಾರಿಸಿತು. ನಾನು ಗ್ರಾಫ್ ಹಾಳೆಯಲ್ಲಿ ಎಲ್ಲ ಬರೆದಿಡುತ್ತಿದ್ದೆ: ಎಷ್ಟು ಹೊತ್ತಿಗೆ ಕುಡಿಯಿತು, ಎಷ್ಟು ಕಕ್ಕಿತು, ಯಾವ ಬಣ್ಣ. ಮೂರು ವಾರ ಹಾಳೆಯ ತುಂಬ ಹಳದಿ. ಇಷ್ಟು ಚೆಂದದ ಡ್ರಾಯಿಂಗ್ ನೌಕರಿಯಲ್ಲೂ ಮಾಡಿರಲಿಲ್ಲ ಎಂದುಕೊಂಡೆ.

ಆಗ ಅಜ್ಜಿ ಸಾಣೆಕಲ್ಲು ಮತ್ತು ಒಂದು ಬಟ್ಟೆಗಂಟು ತಂದುಕೊಟ್ಟರು. ಬಜೆ, ಜಾಯಿಕಾಯಿ, ಅಳಲೆಕಾಯಿ. "ಹೊಟ್ಟೆ ಗಟ್ಟಿಯಾಗ್ಬೇಕಲ್ಲ, ನೀರು ಹಾಕ್ದಾಗ ಒಂದೊಂದು ಸುತ್ತು ತೇಯ್ದು ನೆಕ್ಕಿಸು. ತಾಯಿ ಹಾಲಲ್ಲೇ ತೇಯ್ಬೇಕು, ಮರೀಬೇಡ." ನನ್ನ ಹೆಂಡತಿಯೂ ಮಗಳಿಗೆ ಹೀಗೆಯೇ ತೇಯ್ದು ಹಾಕಿದ್ದಳು. ಕೇಳಿದರೆ ಮಗಳೂ, "ಅಮ್ಮ ನಂಗೆ ಹಾಕಿದ್ದಲ್ವಾ, ಹಾಕಪ್ಪ," ಎಂದಳು. ಯಾವುದರಲ್ಲಿ ತೇಯುತ್ತಾರೆಂಬುದು ಅವಳಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಆದರೆ ಕೇಳುವುದು ಹೇಗೆ? ಅವಳಮ್ಮನಾಗಿದ್ದರೆ ಬಟ್ಟಲು ಮುಂದೆ ಹಿಡಿದು "ಎರಡು ತೊಟ್ಟು ಹಿಂಡೇ" ಎನ್ನುತ್ತಿದ್ದಳು, ಮುಗಿಯುತ್ತಿತ್ತು. ನಾನೋ, ಮಗಳು ಹಾಲೂಡಿಸಲು ಕುಳಿತರೆ ಪೇಪರ್ ಹಿಡಿದು ವರಾಂಡಕ್ಕೆ ಹೋಗುವವನು. ಬಟ್ಟಲು ಹಿಡಿದು ಅವಳ ರೂಮಿನ ಬಾಗಿಲವರೆಗೆ ಎರಡು ಸಲ ಹೋದೆ. "ಏನಪ್ಪಾ?" ಎಂದಳು. "ಏನಿಲ್ಲ, ಟವೆಲ್ ಒಣಗಿದ್ಯಾ ಅಂತ ನೋಡೋಕ್ ಬಂದೆ," ಎಂದು ವಾಪಸ್ ಬಂದೆ. ಫ್ರಿಜ್ಜಿನಲ್ಲಿ ನನ್ನ ಕಾಫಿಗೆಂದು ಇಟ್ಟ ಪ್ಯಾಕೆಟ್ ಹಾಲಿತ್ತು. ಅದನ್ನೇ ಎರಡು ತೊಟ್ಟು ಕಲ್ಲಿನ ಮೇಲೆ ಬಿಟ್ಟು ತೇಯ್ದೆ. ಮದ್ದಿಗೆ ಬಿದ್ದ ಮೇಲೆ ಅದು ಹಾಲಲ್ಲ, ಮದ್ದೇ ಎಂದು ನನ್ನ ತಲೆ ಲೆಕ್ಕ ಹಾಕಿತು. ಹಾಳೆಯಲ್ಲಿ ಅದನ್ನು ಬರೆಯಲೂ ಇಲ್ಲ.

ಎರಡನೆಯ ವಾರಕ್ಕೆ ಹಸಿರು ಮರಳಿತು, ಅದರ ಹಿಂದೆಯೇ ಕೆಂಪು ಎಳೆ. ಮತ್ತೆ ಡಾಕ್ಟರ ಹತ್ತಿರ ಓಡಿದೆವು. ಅವರು ನನ್ನ ಹಾಳೆಗಳನ್ನು ತಿರುವಿ, "ಎಷ್ಟು ನೀಟಾಗಿ ಬರ್ದಿದ್ದೀರ ಅಂಕಲ್!" ಎಂದು ಮೆಚ್ಚಿಕೊಂಡರು. ಮಗಳ ಕಡೆ ತಿರುಗಿ, "ಬೇರೆ ಏನಾದ್ರೂ ಕೊಡ್ತಿದ್ದೀರಾ? ಒಂದು ತೊಟ್ಟು ಹಸುವಿನ ಹಾಲು ಸೇರಿದ್ರೂ ಕೆಲವು ಮಕ್ಳಿಗೆ ಸಾಕು," ಎಂದರು.

"ಏನೂ ಇಲ್ಲ ಡಾಕ್ಟರ್. ಅಪ್ಪ ಸ್ವಲ್ಪ ಮದ್ದು ತೇಯ್ದು ಹಾಕ್ತಾರೆ, ಅಷ್ಟೇ."

"ಯಾವುದ್ರಲ್ಲಿ ತೇಯ್ತೀರ ಅಂಕಲ್?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ಕೈ ನಿಜವಾಗಿಯೂ ಹೆಗಲ ಮೇಲಿನ ಮಗುವಿನ ಚೀಲಕ್ಕೆ ಹೋಯಿತು. "ನೀರಲ್ಲಿ," ಎಂದೆ. "ಕಾದಾರಿದ ನೀರಲ್ಲಿ."

ಬಜೆಯೂ ಇಷ್ಟು ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ, ಮದ್ದು ನಿಲ್ಲಿಸಿ ಎಂದರು ಡಾಕ್ಟರು. ಮಗಳಿಗೆ, "ನಿಮ್ಮ ಊಟದಲ್ಲಿ ಎಲ್ಲೋ ಹಾಲಿನ ಅಂಶ ಸೇರ್ತಿರ್ಬೇಕು. ಹುಡುಕಿ. ಆದ್ರೆ ಎದೆಹಾಲು ನಿಲ್ಲಿಸ್ಬೇಡಿ," ಎಂದರು.

ಹುಡುಕಲು ಏನಿತ್ತು? ಅವಳು ಬಿಸ್ಕತ್ತಿನ ಪೊಟ್ಟಣದ ಹಿಂದಿನ ಸಣ್ಣ ಅಕ್ಷರವನ್ನೂ ಓದಿ ತಿನ್ನುತ್ತಿದ್ದವಳು. ಸಾರಕ್ಕಿ ಸಿಗ್ನಲಿನಲ್ಲಿ ಆಟೋ ನಿಂತಾಗ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ ಹಾಲೇ ಸರಿಯಿಲ್ಲಪ್ಪ. ಇವತ್ತಿಂದ ಬರೀ ಪುಡಿನೇ ಕೊಡ್ತೀನಿ," ಎಂದಳು. ನಾನು ಹಸಿರು ದೀಪಕ್ಕೆ ಕಾಯುವವನಂತೆ ಮುಂದೆ ನೋಡುತ್ತ ಕುಳಿತಿದ್ದೆ.

ಮನೆಗೆ ಬಂದು ಮದ್ದು ನಿಲ್ಲಿಸಿದೆ, ಅವಳು ಹಾಲೂಡಿಸುವುದನ್ನು ನಿಲ್ಲಿಸಿದಳು. ಮೂರನೆಯ ದಿನಕ್ಕೆ ಕೆಂಪು ಮಾಯವಾಯಿತು. "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎಂದಳು. ನಾನು ಬಾಯಿ ಬಿಡದಿದ್ದರೆ ಯಾರಿಗೂ, ಎಂದಿಗೂ ಗೊತ್ತಾಗುತ್ತಿರಲಿಲ್ಲ. ಮಗು ಸರಿಹೋಗಿತ್ತು. ಈಗ ಹೇಳಿ ಯಾರಿಗೆ ಏನು ಲಾಭ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಷ್ಟು ಹೇಡಿ ನಾನು ಎಂದು ನನಗೇ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಲೋಟ ತೊಳೆಯಲು ಅಡುಗೆಮನೆಗೆ ಹೋದೆ. ಮಗಳು ಸಿಂಕಿನ ಮುಂದೆ ನಿಂತಿದ್ದಳು. ಎದೆ ಕಟ್ಟಿಕೊಂಡು ನೋವೆಂದು ಪಂಪಿನಲ್ಲಿ ಹಾಲು ತೆಗೆದಿದ್ದಳು. ಮೊದಲು ಸಾಲದೇ ಹೋಗಿದ್ದ ಹಾಲು. ಸೀಸೆಯನ್ನು ಬಗ್ಗಿಸಿ ಅದನ್ನು ನಲ್ಲಿಯ ಕೆಳಗೆ ಸುರಿಯುತ್ತ, ಸದ್ದಿಲ್ಲದೆ ಅಳುತ್ತಿದ್ದಳು. ಎರಡು ತೊಟ್ಟು ಕೇಳಲು ನನಗೆ ನಾಲಿಗೆ ಬಂದಿರಲಿಲ್ಲ. ಈಗ ಅರ್ಧ ಸೀಸೆ ಮೋರಿಗೆ ಹೋಗುತ್ತಿತ್ತು.

"ಚೆಲ್ಬೇಡ," ಎಂದೆ. "ನಿನ್ ಹಾಲು ಸರಿಯಾಗೇ ಇದೆ. ನಾನು ಮದ್ದು ತೇಯ್ದಿದ್ದು ನೀರಲ್ಲಲ್ಲ, ಪ್ಯಾಕೆಟ್ ಹಾಲಲ್ಲಿ. ನಿನ್ನ ಕೇಳ್ಬೇಕಿತ್ತು. ನಾಚಿಕೆ ಆಯ್ತು."

ಅವಳು ನಲ್ಲಿ ನಿಲ್ಲಿಸಿದಳು. ಕೂಗಾಡುತ್ತಾಳೆ ಎಂದುಕೊಂಡೆ, ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ಮೂರು ದಿನ ಅಪ್ಪ," ಎಂದಳು. "ನನ್ ಮಗುಗೆ ನಾನೇ ವಿಷ ಹಾಕ್ದೆ ಅಂತ ಅತ್ಕೊಂಡು ಚೆಲ್ತಾ ಇದ್ದೆ. ನೀನು ವರಾಂಡದಲ್ಲಿ ಕೂತು ಪೇಪರ್ ಓದ್ತಿದ್ದೆ."

ಅವಳು ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ, ಅಂದೇ ಮಗುವನ್ನು ಮತ್ತೆ ಎದೆಗೆ ಹಾಕಿಕೊಂಡಳು. ಮಗು ಹಿಡಿಯಿತು. ಒಂದು ವಾರ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ನಾನು ಸಾರು ಮಾಡಿದೆ, ಬಟ್ಟೆ ಒಗೆದೆ, ಕಾಯುತ್ತಿದ್ದೆ.

ಈಗ ಮೊಮ್ಮಗಳಿಗೆ ಎರಡು ವರ್ಷ. ಡಾಕ್ಟರು ಹೇಳಿದಂತೆಯೇ ಹಾಲು ಒಗ್ಗಿದೆ, ಮೊಸರನ್ನವನ್ನು ಮುಖಕ್ಕೆಲ್ಲ ಮೆತ್ತಿಕೊಂಡು ತಿನ್ನುತ್ತಾಳೆ. ನೆಂಟರು ಸೇರಿದಾಗ ಮಗಳು ಈ ಕಥೆಯನ್ನು ಹೇಳಿ ಎಲ್ಲರನ್ನೂ ನಗಿಸುತ್ತಾಳೆ: ಅಪ್ಪ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತದ್ದು, ಟವೆಲ್ ಎಂದದ್ದು, ಅಪ್ಪನ ನಾಚಿಕೆ. ನಾನೂ ನಗುತ್ತೇನೆ. ಡಾಕ್ಟರ ಮುಂದೆ ನಾನು ಹೇಳಿದ ಸುಳ್ಳನ್ನೂ ಆ ಮೂರು ದಿನವನ್ನೂ ಅವಳು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.